ಬ್ಯಾಟ್ಸ್‌ಮನ್ ಕಣ್ಣು ಕೊನೆಯವರೆಗೂ ಚೆಂಡಿನ ಮೇಲೇ ಇರುತ್ತದೆಯೇ?

‘ಚೆಂಡಿನ ಮೇಲಿಂದ ಕಣ್ಣು ತೆಗೀಬೇಡ’ ಎಂಬ ಮಾತನ್ನು ಕ್ರಿಕೆಟ್ ಆಡಿದವರೆಲ್ಲ ಕೇಳಿರುತ್ತೇವೆ. ವೇಗದ ಎಸೆತದ ಎದುರು ಇದನ್ನು ಅಕ್ಷರಶಃ ಪಾಲಿಸಲು ಯಾರಿಗೂ ಆಗದು. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬೌಲರ್ ಕೈಬಿಟ್ಟ ಅರ್ಧ ಸೆಕೆಂಡಿನೊಳಗೆ ಬ್ಯಾಟ್ ಮುಟ್ಟುತ್ತದೆ. ಹತ್ತಿರವಾದಂತೆಲ್ಲ ಅದನ್ನು ಹಿಂಬಾಲಿಸಲಾಗದೆ ಕಣ್ಣು ಹಿಂದೆ ಬೀಳುತ್ತದೆ.

ಹಾಗಾದರೆ ಹೊಡೆಯುವುದು ಹೇಗೆ? ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯಡ್ ಬೌಲಿಂಗ್ ಯಂತ್ರದ ಎದುರು ಆಡುವವರ ಕಣ್ಣಿನ ಚಲನೆಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು, 2000ರಲ್ಲಿ ಫಲಿತಾಂಶ ಪ್ರಕಟಿಸಿದರು. ಚೆಂಡು ಹೊರಬೀಳುವುದನ್ನು ಕಣ್ಣು ಗಮನಿಸುತ್ತದೆ. ಕೂಡಲೇ ಚೆಂಡನ್ನು ಬಿಟ್ಟು, ಅದು ಪುಟಿಯಲಿರುವ ಜಾಗಕ್ಕೆ ಮೊದಲೇ ಜಿಗಿದು ಅಲ್ಲಿ ಕಾಯುತ್ತದೆ! ಪುಟಿದ ಮೇಲೆ ಸ್ವಲ್ಪ ಹೊತ್ತು ಮತ್ತೆ ಹಿಂಬಾಲಿಸುತ್ತದೆ. ಪರೀಕ್ಷೆಗೆ ಒಳಗಾದವರು ಮೂವರೇ ಆದರೂ, ನುರಿತ ಆಟಗಾರನ ಕಣ್ಣು ಬೇಗ ಜಿಗಿಯುತ್ತಿತ್ತು, ಅನನುಭವಿಯದು ತಡವಾಗಿ.

ಪುಟಿಯುವ ಜಾಗ ಮತ್ತು ಕ್ಷಣ ಸಿಕ್ಕರೆ ಚೆಂಡು ಯಾವಾಗ, ಎಷ್ಟು ಎತ್ತರದಲ್ಲಿ ಬರುತ್ತದೆಂದು ಮಿದುಳು ಅಂದಾಜು ಮಾಡಬಲ್ಲದು. ಕಂಡದ್ದಕ್ಕೆ ತಕ್ಕಂತೆ ಕೈಯ ಚಲನೆ ಬದಲಾಗಲು ಸುಮಾರು 200 ಮಿಲಿಸೆಕೆಂಡ್ ಬೇಕು. ಕೊನೆಯ ಆ ಗಳಿಗೆಯಲ್ಲಿ ಚೆಂಡು ತಿರುಗಿದರೆ ಎಂಥವರೂ ತಪ್ಪುತ್ತಾರೆ. ಬೌಲ್ಡ್ ಆದ ಹುಡುಗನನ್ನು ‘ಎಲ್ಲಿ ನೋಡ್ತಿದ್ದೆ?’ ಎಂದು ಗದರುವುದರಲ್ಲಿ ಅರ್ಥವಿಲ್ಲ. ‘ಬೌಲರ್ ಕೈ ನೋಡು’ ಎನ್ನುವುದೇ ಹೆಚ್ಚು ಉಪಯುಕ್ತ ಎಂದು ನಮಗನಿಸುತ್ತದೆ.

ಹಳೆಯ ಮಾತು ಪೂರ್ತಿ ಸುಳ್ಳೇನಲ್ಲ. 2013ರ ಅಧ್ಯಯನವೊಂದರಲ್ಲಿ ವಿಶ್ವದರ್ಜೆಯ ಬ್ಯಾಟ್ಸ್‌ಮನ್‌ಗಳು ಚೆಂಡಿನ ಜೊತೆಗೇ ತಲೆ ತಿರುಗಿಸುತ್ತಿದ್ದರು. ಅವರ ಕಣ್ಣು ಮಾತ್ರ ಮುಂದೆ ಜಿಗಿದು, ಚೆಂಡು ಬ್ಯಾಟಿಗೆ ತಾಗುವಲ್ಲಿ ಕಾದಿರುತ್ತಿತ್ತು.