ಕಂಡ ದಿನ, ಅರಿತ ದಿನ: ಜನವರಿಯ ಕೆಲವು ರಾತ್ರಿಗಳು

ಶಾಲೆಯ ಕಪ್ಪುಹಲಗೆಯ ಮೇಲೆ 'ಈ ದಿನದ ವಿಶೇಷ' ಎಂದು ಒಂದು ಸಾಲು ಬರೆಯುವ ಅಭ್ಯಾಸ ಅನೇಕ ಕಡೆ ಇದೆ. ಖಗೋಳವಿಜ್ಞಾನಕ್ಕೆ ಸಂಬಂಧಿಸಿದಂತೆ ಜನವರಿ ತಿಂಗಳಿಗೆ ಅಂಥ ಸಾಲುಗಳು ಹೀಗಿರಬಹುದು:

ಜನವರಿ 1, 1801 – ಸೀರೀಸ್ ಪತ್ತೆ.
ಜನವರಿ 5, 2005 – ಏರಿಸ್ ಪತ್ತೆ.
ಜನವರಿ 7, 1610 – ಗುರುಗ್ರಹದ ಉಪಗ್ರಹಗಳನ್ನು ಗೆಲಿಲಿಯೊ ಕಂಡ ದಿನ.
ಜನವರಿ 31, 1862 – ಲುಬ್ಧಕ ನಕ್ಷತ್ರದ ಸಂಗಾತಿಯ ಪತ್ತೆ.

ಈ ದಿನಾಂಕಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಇವನ್ನು ಓದುವ ವಿದ್ಯಾರ್ಥಿಯ ಮನಸ್ಸಿನಲ್ಲಿ ಯಾವ ಚಿತ್ರ ಮೂಡುತ್ತದೆ? ಒಬ್ಬ ಮೇಧಾವಿ ಒಂದು ರಾತ್ರಿ ದೂರದರ್ಶಕಕ್ಕೆ ಕಣ್ಣಿಟ್ಟ, ಹೊಸದೊಂದನ್ನು ಕಂಡ, ಆ ಕ್ಷಣದಲ್ಲೇ ಅದೇನೆಂದು ತಿಳಿದುಕೊಂಡ ಎಂದಲ್ಲವೆ? ನಿಜವಾಗಿ ನಡೆದದ್ದು ಬೇರೆ. ಕಾಣುವುದು ಒಂದು, ಕಂಡದ್ದನ್ನು ಅರಿಯುವುದು ಇನ್ನೊಂದು. ಇವೆರಡರ ನಡುವೆ ಕೆಲವೊಮ್ಮೆ ನಾಲ್ಕು ದಿನ, ಕೆಲವೊಮ್ಮೆ ಒಂದು ವರ್ಷ, ಒಮ್ಮೆಯಂತೂ ಎರಡು ಶತಮಾನಕ್ಕೂ ಹೆಚ್ಚಿನ ಅಂತರವಿತ್ತು. ಆ ಅಂತರದಲ್ಲಿ ಏನು ನಡೆಯಿತು ಎಂಬುದೇ ವಿಜ್ಞಾನದ ನಿಜವಾದ ಕತೆ. ಬನ್ನಿ, ಜನವರಿಯ ಈ ರಾತ್ರಿಗಳನ್ನು ಒಂದೊಂದಾಗಿ ನೋಡೋಣ.

ಗುರುವಿನ ಪಕ್ಕದ ಚುಕ್ಕೆಗಳು

1610ರ ಜನವರಿ 7ರ ಸಂಜೆ. ಇಟಲಿಯ ಪಾದುವಾದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಗೆಲಿಲಿಯೊ ತಾನೇ ತಯಾರಿಸಿದ, ಸುಮಾರು 20 ಪಟ್ಟು ವರ್ಧಿಸುವ ದೂರದರ್ಶಕವನ್ನು ಗುರುಗ್ರಹದ ಕಡೆ ತಿರುಗಿಸಿದ. ಗುರುವಿನ ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಒಂದು, ಹೀಗೆ ಮೂರು ಪುಟ್ಟ ಚುಕ್ಕೆಗಳು ಒಂದೇ ಸಾಲಿನಲ್ಲಿದ್ದವು. ಅವು ನಕ್ಷತ್ರಗಳೆಂದೇ ಅವನು ಭಾವಿಸಿದ. ಆದರೂ ನೋಡಿದ್ದನ್ನು ಚಿತ್ರಿಸಿಟ್ಟುಕೊಂಡ.

ಮರುದಿನ ನೋಡಿದಾಗ ಮೂರೂ ಚುಕ್ಕೆಗಳು ಗುರುವಿನ ಪಶ್ಚಿಮಕ್ಕಿದ್ದವು. ಅವು ಸ್ಥಿರ ನಕ್ಷತ್ರಗಳೇ ಆಗಿದ್ದರೆ, ಗುರುವೇ ಅವುಗಳನ್ನು ದಾಟಿ ಪೂರ್ವಕ್ಕೆ ಸರಿದಿರಬೇಕು. ಆದರೆ ಪಂಚಾಂಗದ ಕೋಷ್ಟಕಗಳ ಪ್ರಕಾರ ಗುರು ಆಗ ವಕ್ರಗತಿಯಲ್ಲಿದ್ದು, ಪಶ್ಚಿಮಕ್ಕೆ ಸರಿಯಬೇಕಿತ್ತು. ಕೋಷ್ಟಕವೇ ತಪ್ಪಿರಬಹುದೆ? ಗೆಲಿಲಿಯೊಗೆ ಮೊದಲು ಬಂದ ಸಂದೇಹ ಇದು. 9ರ ರಾತ್ರಿ ಮೋಡ ಕವಿದಿತ್ತು. 10ರಂದು ಎರಡೇ ಚುಕ್ಕೆಗಳು ಕಂಡವು, ಅವೂ ಪೂರ್ವ ದಿಕ್ಕಿನಲ್ಲಿ! ಗುರುಗ್ರಹ ಹೀಗೆ ಹಿಂದಕ್ಕೂ ಮುಂದಕ್ಕೂ ಜಿಗಿದಾಡಲು ಸಾಧ್ಯವಿಲ್ಲ. ಹಾಗಾದರೆ ಚಲಿಸುತ್ತಿರುವುದು ಆ ಚುಕ್ಕೆಗಳೇ. 11ರ ವೀಕ್ಷಣೆಯ ನಂತರ ಅವು ಗುರುವನ್ನು ಸುತ್ತುತ್ತಿವೆ ಎಂದು ಗೆಲಿಲಿಯೊ ನಿರ್ಧರಿಸಿದ. 13ರಂದು ನಾಲ್ಕು ಚುಕ್ಕೆಗಳು ಕಂಡವು.

ಹಾಗಾದರೆ ಕಪ್ಪುಹಲಗೆಯ ಮೇಲೆ ಯಾವ ದಿನಾಂಕ ಬರೆಯಬೇಕು? 7, 11, ಅಥವಾ 13? ಅವನು ಅಲ್ಲಿಗೂ ನಿಲ್ಲಿಸಲಿಲ್ಲ. ಮಾರ್ಚ್ ಆರಂಭದವರೆಗೆ, ಮೋಡವಿಲ್ಲದ ರಾತ್ರಿಗಳಲ್ಲೆಲ್ಲ ನೋಡಿ ದಾಖಲಿಸಿ, ಆಮೇಲೆ ಮಾರ್ಚ್ 13ರಂದು ಪುಸ್ತಕ ಪ್ರಕಟಿಸಿದ. ಭೂಮಿಯಲ್ಲದ ಇನ್ನೊಂದು ಕಾಯದ ಸುತ್ತಲೂ ಆಕಾಶಕಾಯಗಳು ಸುತ್ತುತ್ತವೆ ಎಂಬುದು ಆ ಚಿತ್ರಗಳಿಂದ ಸ್ಪಷ್ಟವಾಯಿತು. ಭೂಮಿಯು ಚಲಿಸುವುದಾದರೆ ಚಂದ್ರನು ಹಿಂದುಳಿದು ಬಿಡುತ್ತಿದ್ದನಲ್ಲವೆ ಎಂದು ಕೊಪರ್ನಿಕಸ್‌ನ ವಾದವನ್ನು ಅಲ್ಲಗಳೆಯುತ್ತಿದ್ದವರಿಗೂ ಉತ್ತರ ಸಿಕ್ಕಿತು. ಚಲಿಸುತ್ತಿರುವ ಗುರು ತನ್ನ ನಾಲ್ಕು ಚಂದ್ರರನ್ನು ಜೊತೆಗೇ ಕರೆದೊಯ್ಯುತ್ತಿತ್ತು!

ಯಾವ ಕ್ಯಾಲೆಂಡರಿನ ಜನವರಿ?

ಇಲ್ಲಿ ಒಂದು ಸ್ವಾರಸ್ಯವಿದೆ. ಜರ್ಮನಿಯ ಸೈಮನ್ ಮೇರಿಯಸ್ ಎಂಬಾತನೂ ಗುರುವಿನ ಉಪಗ್ರಹಗಳನ್ನು ನೋಡುತ್ತಿದ್ದ. ಇಂದು ನಾವು ಬಳಸುವ ಅಯೊ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ ಎಂಬ ಹೆಸರುಗಳು ಅವನ 1614ರ ಪುಸ್ತಕದಿಂದ ಬಂದವು. ಅವನು ತನ್ನ ಮೊದಲ ದಾಖಲೆಗೆ ನೀಡಿರುವ ದಿನಾಂಕ 1609ರ ಡಿಸೆಂಬರ್ 29. ಹಾಗಾದರೆ ಅವನೇ ಮೊದಲಿಗನೆ? ಅಲ್ಲ. ಇಟಲಿಯಲ್ಲಿ 1582ರಲ್ಲೇ ಗ್ರೆಗರಿ ಪಂಚಾಂಗ ಜಾರಿಗೆ ಬಂದಿತ್ತು. ಮೇರಿಯಸ್ ಬಳಸುತ್ತಿದ್ದುದು ಹಳೆಯ ಜೂಲಿಯನ್ ಪಂಚಾಂಗ. 17ನೆಯ ಶತಮಾನದಲ್ಲಿ ಇವೆರಡರ ನಡುವೆ 10 ದಿನಗಳ ವ್ಯತ್ಯಾಸವಿತ್ತು. ಡಿಸೆಂಬರ್ 29ಕ್ಕೆ 10 ಕೂಡಿಸಿ ನೋಡಿ: 1610ರ ಜನವರಿ 8. ಅಂದರೆ ಗೆಲಿಲಿಯೊನ ಮೊದಲ ಚಿತ್ರದ ಮರುದಿನ!

ಇದೇ ಲೆಕ್ಕದಿಂದ ಇನ್ನೊಂದು ಪ್ರಸಿದ್ಧ ಮಾತನ್ನೂ ಪರೀಕ್ಷಿಸಬಹುದು. ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ ಎಂದು ನೀವು ಕೇಳಿರಬಹುದು. ಗೆಲಿಲಿಯೊ ನಿಧನನಾದದ್ದು 1642ರ ಜನವರಿ 8ರಂದು. ಅದು ಗ್ರೆಗರಿ ಪಂಚಾಂಗದ ದಿನಾಂಕ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25ರಂದು. ಅದು ಇಂಗ್ಲೆಂಡಿನಲ್ಲಿ ಆಗ ಬಳಕೆಯಲ್ಲಿದ್ದ ಜೂಲಿಯನ್ ದಿನಾಂಕ. ಎರಡನ್ನೂ ಗ್ರೆಗರಿ ಪಂಚಾಂಗಕ್ಕೆ ತಂದರೆ ನ್ಯೂಟನ್‌ನ ಜನ್ಮದಿನ 1643ರ ಜನವರಿ 4 ಆಗುತ್ತದೆ. ಎರಡು ಪಂಚಾಂಗಗಳನ್ನು ಬೆರೆಸಿದರೆ ಮಾತ್ರ ಆ ಮಾತು ನಿಜ. ಉದ್ದವನ್ನು ಹೇಳುವಾಗ ಮೀಟರೋ ಅಡಿಯೋ ಎಂದು ಹೇಳಬೇಕಾದಂತೆ, ಹಳೆಯ ದಿನಾಂಕಕ್ಕೂ ಅದರ ಮಾನಕವನ್ನು ಹೇಳಬೇಕು.

ಕಂಡರೂ ಗುರುತು ಸಿಗದ ಗ್ರಹ

ಗೆಲಿಲಿಯೊ ಗುರುವಿನ ಉಪಗ್ರಹಗಳನ್ನು ಮುಂದೆಯೂ ವರ್ಷಗಟ್ಟಲೆ ಗಮನಿಸಿದ. 1612ರ ಡಿಸೆಂಬರ್ 28ರಂದು ಗುರುವಿನ ಸಮೀಪ ಕಂಡ ಒಂದು ಚುಕ್ಕೆಯನ್ನು ನಕ್ಷತ್ರವೆಂದು ಗುರುತು ಹಾಕಿದ. 1613ರ ಜನವರಿ ಕೊನೆಯಲ್ಲಿ ಅದು ಮತ್ತೆ ಕಂಡಿತು. ಜನವರಿ 28ರ ಟಿಪ್ಪಣಿಯಲ್ಲಿ, ಆ ಚುಕ್ಕೆಗೂ ಪಕ್ಕದ ನಕ್ಷತ್ರಕ್ಕೂ ನಡುವಿನ ಅಂತರ ಹಿಂದಿನ ರಾತ್ರಿಗಿಂತ ಬೇರೆಯಾಗಿರುವಂತೆ ತೋರುತ್ತದೆ ಎಂದೂ ಬರೆದ. ನಕ್ಷತ್ರಗಳ ನಡುವಿನ ಅಂತರ ಒಂದೇ ರಾತ್ರಿಯಲ್ಲಿ ಬದಲಾಗಬಾರದಲ್ಲವೆ?

ಆ ಚುಕ್ಕೆ ನೆಪ್ಚೂನ್ ಗ್ರಹ! 1980ರಲ್ಲಿ ಚಾರ್ಲ್ಸ್ ಕೊವಲ್ ಮತ್ತು ಸ್ಟಿಲ್ಮನ್ ಡ್ರೇಕ್ ಎಂಬ ಇಬ್ಬರು, ಆ ರಾತ್ರಿಗಳಲ್ಲಿ ನೆಪ್ಚೂನ್ ಎಲ್ಲಿತ್ತೆಂದು ಲೆಕ್ಕ ಹಾಕಿ, ಗೆಲಿಲಿಯೊನ ಟಿಪ್ಪಣಿಗಳೊಂದಿಗೆ ಹೋಲಿಸಿ ಇದನ್ನು ತೋರಿಸಿಕೊಟ್ಟರು. ಆದರೆ ನೆಪ್ಚೂನ್ ಪತ್ತೆಯಾದ ದಿನವೆಂದು ನಾವು ಬರೆಯುವುದು 1846ರ ಸೆಪ್ಟೆಂಬರ್ 23 ಎಂದೇ. ಅಂದು ಬರ್ಲಿನ್‌ನಲ್ಲಿ ಗಾಲೆ, ಫ್ರಾನ್ಸಿನ ಲವೆರಿಯೆ ಲೆಕ್ಕ ಹಾಕಿ ತಿಳಿಸಿದ್ದ ಸ್ಥಾನದ ಬಳಿ ಅದನ್ನು ಹುಡುಕಿ ಗುರುತಿಸಿದ. ಕಂಡದ್ದಕ್ಕೂ ಅರಿತದ್ದಕ್ಕೂ ನಡುವೆ 233 ವರ್ಷ! ಇದರಿಂದ ಗೆಲಿಲಿಯೊನ ಹಿರಿಮೆ ಕಡಿಮೆಯಾಗುವುದಿಲ್ಲ. ಅರ್ಥವಾಗದ ಒಂದು ಸಣ್ಣ ವ್ಯತ್ಯಾಸವನ್ನೂ ಬಿಡದೆ ಬರೆದಿಟ್ಟಿದ್ದರಿಂದಲೇ ನಮಗೆ ಈ ಸಂಗತಿ ತಿಳಿದಿದೆ.

ಸಿಕ್ಕಿ ಕಳೆದುಹೋದ ಸೀರೀಸ್

ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ ಜೂಸೆಪ್ಪೆ ಪಿಯಾಜಿ ಎಂಬ ಪಾದ್ರಿ ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದರು. 1801ರ ಜನವರಿ 1ರಂದು ವೃಷಭ ರಾಶಿಯಲ್ಲಿ ಮಂಕಾದ ಒಂದು ಚುಕ್ಕೆಯ ಸ್ಥಾನವನ್ನು ಬರೆದುಕೊಂಡರು. ಮರುದಿನ ಅದೇ ಚುಕ್ಕೆಯನ್ನು ಮತ್ತೆ ಅಳೆದಾಗ ಸ್ಥಾನ ಸರಿಹೊಂದಲಿಲ್ಲ. ಅಳತೆಯಲ್ಲಿ ದೋಷವಿರಬಹುದೆಂದು ಮತ್ತೆ ಮತ್ತೆ ಪರಿಶೀಲಿಸಿದರು. ಚುಕ್ಕೆ ನಿಜಕ್ಕೂ ಸರಿಯುತ್ತಿತ್ತು. ಅದನ್ನು ಧೂಮಕೇತು ಎಂದು ಪ್ರಕಟಿಸಿದರೂ, ಅದರ ಸುತ್ತ ಮಸುಕು ಇಲ್ಲ, ಚಲನೆ ನಿಧಾನವಾಗಿ ಒಂದೇ ಸಮನಾಗಿದೆ, ಬೇರೆ ಏನೋ ಇರಬಹುದು ಎಂಬ ಗುಮಾನಿಯೂ ಅವರಿಗಿತ್ತು.

ಫೆಬ್ರವರಿ 11ರವರೆಗೆ ಒಟ್ಟು 24 ಬಾರಿ ಅದರ ಸ್ಥಾನವನ್ನು ಗುರುತಿಸಿದ ಮೇಲೆ ಪಿಯಾಜಿ ಕಾಯಿಲೆ ಬಿದ್ದರು. ಸುದ್ದಿ ಯುರೋಪಿನ ಬೇರೆ ಖಗೋಳವಿಜ್ಞಾನಿಗಳಿಗೆ ತಲಪುವ ವೇಳೆಗೆ ಆ ಕಾಯ ಸೂರ್ಯನ ಪ್ರಕಾಶದಲ್ಲಿ ಮರೆಯಾಗಿತ್ತು. ತಿಂಗಳುಗಳ ಬಳಿಕ ಅದು ಆಕಾಶದಲ್ಲಿ ಎಲ್ಲಿ ಮತ್ತೆ ಕಾಣಿಸೀತು? ಸುಮಾರು ಆರು ವಾರಗಳಲ್ಲಿ ಅದು ಕ್ರಮಿಸಿದ್ದು ಆಕಾಶದ ಕೆಲವೇ ಡಿಗ್ರಿಗಳಷ್ಟು. ಅಷ್ಟು ಚಿಕ್ಕ ತುಣುಕಿನಿಂದ ಇಡೀ ಕಕ್ಷೆಯನ್ನು ನಿರ್ಧರಿಸಬೇಕಿತ್ತು. ಇದಕ್ಕೆ ಹೊಸ ವಿಧಾನವನ್ನು ರೂಪಿಸಿದವನು 24 ವರ್ಷದ ಗಣಿತಜ್ಞ ಗೌಸ್. ಅವನು ಸೂಚಿಸಿದ ಜಾಗದ ಬಳಿಯೇ ಫಾನ್ ಜಾಕ್ 1801ರ ಡಿಸೆಂಬರ್ 31ರಂದು ಅದನ್ನು ಮತ್ತೆ ಗುರುತಿಸಿದರು. ಪಿಯಾಜಿ ಕಂಡು ಸರಿಯಾಗಿ ಒಂದು ವರ್ಷ ತುಂಬಿತ್ತು!

ಮಂಗಳ ಮತ್ತು ಗುರುಗ್ರಹಗಳ ನಡುವೆ ಸುತ್ತುವ, ಸುಮಾರು 940 ಕಿ.ಮೀ. ವ್ಯಾಸದ ಈ ಕಾಯವೇ ಸೀರೀಸ್. ಅದನ್ನು ಮೊದಲು ಗ್ರಹ ಎಂದರು, ಆಮೇಲೆ ಕ್ಷುದ್ರಗ್ರಹ ಎಂದರು, 2006ರಿಂದ ಕುಬ್ಜಗ್ರಹ ಎನ್ನುತ್ತಾರೆ.

ಮೊದಲು ಲೆಕ್ಕ, ಆಮೇಲೆ ನೋಟ

ಅರಿವು ಯಾವಾಗಲೂ ನೋಟದ ನಂತರವೇ ಬರಬೇಕೆಂದಿಲ್ಲ. ಜನವರಿಯ ರಾತ್ರಿಗಳಲ್ಲಿ ನಮ್ಮ ಆಗ್ನೇಯ ಆಕಾಶದಲ್ಲಿ ಥಳಥಳಿಸುವ ಲುಬ್ಧಕವನ್ನು ನೀವು ನೋಡಿಯೇ ಇರುತ್ತೀರಿ. ಅದು ರಾತ್ರಿಯ ಆಕಾಶದ ಅತ್ಯಂತ ಉಜ್ವಲ ನಕ್ಷತ್ರ. ಅದರ ಚಲನೆ ನೇರವಾಗಿಲ್ಲ, ಅತ್ತಿತ್ತ ಓಲಾಡುತ್ತದೆ ಎಂಬುದನ್ನು ಬೆಸೆಲ್ ಹಲವು ವರ್ಷಗಳ ಅಳತೆಗಳಿಂದ ತೋರಿಸಿದ. ಕಾಣದ ಒಂದು ಸಂಗಾತಿ ಅದನ್ನು ಎಳೆಯುತ್ತಿರಬೇಕು ಎಂದು 1844ರಲ್ಲಿ ಹೇಳಿದ. ಎರಡು ವರ್ಷಗಳ ನಂತರ ಬೆಸೆಲ್ ತೀರಿಕೊಂಡ.

1862ರ ಜನವರಿ 31ರಂದು ಅಮೆರಿಕದಲ್ಲಿ ಆಲ್ವನ್ ಗ್ರಹಾಮ್ ಕ್ಲಾರ್ಕ್ ಹೊಸದಾಗಿ ತಯಾರಾದ 47 ಸೆಂ.ಮೀ. ವ್ಯಾಸದ ಮಸೂರವನ್ನು ಪರೀಕ್ಷಿಸುತ್ತಿದ್ದ. ಅವನು ಅದನ್ನು ಲುಬ್ಧಕದತ್ತ ತಿರುಗಿಸಿದಾಗ ಪಕ್ಕದಲ್ಲೇ ಒಂದು ಮಂಕು ಚುಕ್ಕೆ ಕಂಡಿತು. ಅದೇ ಬೆಸೆಲ್ ಹೇಳಿದ್ದ ಸಂಗಾತಿ! ಅದು ಎಂಥ ನಕ್ಷತ್ರ ಎಂಬುದು ತಿಳಿಯಲು 20ನೆಯ ಶತಮಾನವೇ ಬರಬೇಕಾಯಿತು. ಸುಮಾರು ಸೂರ್ಯನಷ್ಟು ದ್ರವ್ಯರಾಶಿ, ಆದರೆ ಗಾತ್ರದಲ್ಲಿ ಭೂಮಿಯಷ್ಟೇ. ಇಂಥವು ಶ್ವೇತಕುಬ್ಜಗಳು. ಇವುಗಳ ದ್ರವ್ಯರಾಶಿಗೆ ಸೂರ್ಯನ ಸುಮಾರು 1.4 ಪಟ್ಟಿನ ಮಿತಿಯಿದೆ ಎಂಬುದನ್ನು ನಿರೂಪಿಸಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್.

ಚಿತ್ರದಲ್ಲೇ ಅಡಗಿದ್ದವು

ಛಾಯಾಚಿತ್ರ ಬಂದ ಮೇಲಾದರೂ ಕಾಣುವುದು ಮತ್ತು ಅರಿಯುವುದು ಒಂದೇ ಆಯಿತೆ? ಅದೂ ಇಲ್ಲ. ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೊ ಆಕಾಶದ ಒಂದೇ ಭಾಗವನ್ನು 1930ರ ಜನವರಿ 23 ಮತ್ತು 29ರಂದು ಚಿತ್ರೀಕರಿಸಿದ. ಎರಡು ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸುವ ಉಪಕರಣದಲ್ಲಿಟ್ಟು, ಸಾವಿರಾರು ಚುಕ್ಕೆಗಳ ನಡುವೆ ಜಾಗ ಬದಲಿಸಿದ ಒಂದು ಚುಕ್ಕೆಯನ್ನು ಅವನು ಹಿಡಿದದ್ದು ಫೆಬ್ರವರಿ 18ರಂದು. ಅದು ಪ್ಲೂಟೊ. ಅದೇ ವೀಕ್ಷಣಾಲಯದ 1915ರ ಚಿತ್ರಗಳಲ್ಲೂ ಪ್ಲೂಟೊ ಮೂಡಿತ್ತು. ಆದರೆ ಅದನ್ನು ಯಾರೂ ಗುರುತಿಸಿರಲಿಲ್ಲ!

ಏರಿಸ್‌ನ ಕತೆಯೂ ಹೀಗೆಯೇ. ಪಾಲೊಮಾರ್ ವೀಕ್ಷಣಾಲಯದಲ್ಲಿ ಅದರ ಚಿತ್ರಗಳನ್ನು ತೆಗೆದದ್ದು 2003ರ ಅಕ್ಟೋಬರ್ 21ರಂದು. ತೀರ ನಿಧಾನವಾಗಿ ಚಲಿಸುವ ಚುಕ್ಕೆಗಳನ್ನು ಕೈಬಿಡುವಂತೆ ಗಣಕದ ಪ್ರೋಗ್ರಾಮನ್ನು ರೂಪಿಸಿದ್ದರಿಂದ ಏರಿಸ್ ಜರಡಿಯಲ್ಲಿ ಜಾರಿಹೋಯಿತು. ಮೈಕ್ ಬ್ರೌನ್ ಮತ್ತು ಸಂಗಡಿಗರು ಆ ಮಿತಿಯನ್ನು ಸಡಿಲಿಸಿ ಹಳೆಯ ಚಿತ್ರಗಳನ್ನು ಮತ್ತೆ ಪರಿಶೀಲಿಸಿದಾಗ, 2005ರ ಜನವರಿ 5ರಂದು ಅದು ಸಿಕ್ಕಿತು. ಏರಿಸ್ ಹೆಚ್ಚುಕಡಿಮೆ ಪ್ಲೂಟೊದಷ್ಟೇ ದೊಡ್ಡದು. ಆದ್ದರಿಂದ ಪ್ಲೂಟೊ ಗ್ರಹವೆನಿಸಿದರೆ ಇದೇಕಲ್ಲ ಎಂಬ ಪ್ರಶ್ನೆ ಎದ್ದಿತು. 2006ರ ಆಗಸ್ಟ್ 24ರಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹದ ವ್ಯಾಖ್ಯೆಯನ್ನೇ ನಿಗದಿಪಡಿಸಿತು. ಸೀರೀಸ್, ಪ್ಲೂಟೊ, ಏರಿಸ್ ಮೂರೂ ಕುಬ್ಜಗ್ರಹಗಳ ಗುಂಪಿಗೆ ಸೇರಿದವು.

ಈ ಮೂರಕ್ಕೂ ಜನವರಿಯ ನಂಟಿದೆಯಲ್ಲ ಎಂದು ಬೆರಗಾಗಬೇಡಿ. ತಿಂಗಳಿಗೆ ಯಾವ ಮಹಿಮೆಯೂ ಇಲ್ಲ. ಹುಡುಕಿದರೆ ಪ್ರತಿ ತಿಂಗಳಿಗೂ ಇಂಥ ಪಟ್ಟಿ ಸಿಗುತ್ತದೆ.

ತರಗತಿಯಲ್ಲಿ ಏನು ಮಾಡಬಹುದು?

ಶಿಕ್ಷಕರು ಪ್ರತಿ ದಿನಾಂಕದ ಜೊತೆ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು: ಅಂದು ಕಂಡದ್ದೇನು? ಅದನ್ನು ಮೊದಲು ಏನೆಂದು ತಿಳಿದರು? ಆ ತಿಳಿವಳಿಕೆ ಬದಲಾಗಲು ಯಾವ ಸಾಕ್ಷ್ಯ ಬೇಕಾಯಿತು? ಅದಕ್ಕೆ ಎಷ್ಟು ಕಾಲ ಹಿಡಿಯಿತು?

ವಿದ್ಯಾರ್ಥಿಗಳೇ, ನೀವು ಇದನ್ನು ಸ್ವತಃ ಮಾಡಿ ನೋಡಬಹುದು. ಗುರುಗ್ರಹ ಸಂಜೆಯ ಆಕಾಶದಲ್ಲಿರುವ ತಿಂಗಳುಗಳಲ್ಲಿ, 10 ಪಟ್ಟು ವರ್ಧಿಸುವ ಒಂದು ಬೈನಾಕ್ಯುಲರ್ ಅನ್ನು ಗೋಡೆಗೋ ಕಂಬಕ್ಕೋ ಒತ್ತಿ ಅಲುಗಾಡದಂತೆ ಹಿಡಿಯಿರಿ. ದಿನವೂ ಒಂದೇ ಹೊತ್ತಿಗೆ, ಹತ್ತು ರಾತ್ರಿ ನೋಡಿ. ಒಂದು ವೃತ್ತ ಬರೆದು, ಅದರ ಎಡಬಲದಲ್ಲಿ ಕಂಡಷ್ಟು ಚುಕ್ಕೆಗಳನ್ನು ಮಾತ್ರ ಗುರುತಿಸಿ. ಮೋಡವಿದ್ದರೆ 'ಮೋಡ' ಎಂದೇ ಬರೆಯಿರಿ. ಪುಸ್ತಕ ನೋಡಿ ಸರಿಪಡಿಸಬೇಡಿ. ಕೊನೆಗೆ ಚಿತ್ರಗಳನ್ನು ಒಂದರ ಕೆಳಗೊಂದು ಜೋಡಿಸಿ, ಯಾವ ಚುಕ್ಕೆ ಯಾವುದು ಎಂದು ಚರ್ಚಿಸಿ. ಅಯೊ ಸುಮಾರು 1.8 ದಿನ, ಯುರೋಪಾ 3.6 ದಿನ, ಗ್ಯಾನಿಮೀಡ್ 7.2 ದಿನ, ಕ್ಯಾಲಿಸ್ಟೊ 16.7 ದಿನಗಳಲ್ಲಿ ಗುರುವನ್ನು ಸುತ್ತುತ್ತವೆ ಎಂಬುದನ್ನು ಆಮೇಲೆ ಹೋಲಿಸಿ ನೋಡಿ.

ಮೊದಲ ರಾತ್ರಿಯ ಚಿತ್ರ ನಿಮಗೆ ಏನನ್ನೂ ಹೇಳುವುದಿಲ್ಲ. ಗೆಲಿಲಿಯೊಗೂ ಹೇಳಿರಲಿಲ್ಲ. ಎರಡನೆಯ ರಾತ್ರಿಯೂ ಹೊರಗೆ ಬಂದು ನೋಡಿ, ನಿನ್ನೆಯ ಪುಟದ ಜೊತೆ ಇಂದಿನದನ್ನು ಇಟ್ಟು ನೋಡಿದವರಿಗೆ ಮಾತ್ರ ಪ್ರಶ್ನೆ ಹುಟ್ಟುತ್ತದೆ.