ಸ್ವತಂತ್ರ ತಂತ್ರಾಂಶ ಬರೆಯೋರಿಗೆ ದುಡ್ಡು ಕೊಡಬೇಕಾ? ಕೊಡೋದಾದ್ರೆ ಯಾರು?

2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಮೈಕ್ರೋಸಾಫ್ಟ್ ಇಂಜಿನಿಯರ್‌ಗೆ ಒಂದು ಸಣ್ಣ ಅನುಮಾನ ಬಂತು. ಅವರ ಲಿನಕ್ಸ್ ಯಂತ್ರಕ್ಕೆ ಲಾಗಿನ್ ಆಗಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಬೇರೆಯವರಾಗಿದ್ದರೆ ಬಿಟ್ಟುಬಿಡ್ತಿದ್ದರು, ಇವರು ಬಿಡಲಿಲ್ಲ. ಹುಡುಕುತ್ತಾ ಹೋದಾಗ ಎಕ್ಸ್‌ಝಡ್ ಎಂಬ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಕೂರಿಸಿರುವುದು ಸಿಕ್ಕಿತು. ಎಕ್ಸ್‌ಝಡ್ ಫೈಲುಗಳನ್ನು ಕುಗ್ಗಿಸುವ ಪುಟ್ಟ ಸಾಧನ. ಹೆಸರು ಕೇಳಿದವರು ಕಡಿಮೆ, ಆದರೆ ಹೆಚ್ಚುಕಡಿಮೆ ಎಲ್ಲಾ ಲಿನಕ್ಸ್ ವ್ಯವಸ್ಥೆಗಳಲ್ಲೂ ಇದೆ. ಆ ಬಾಗಿಲು ಎಲ್ಲೆಡೆ ಹರಡಿದ್ದರೆ ಜಗತ್ತಿನ ಸರ್ವರ್‌ಗಳ ಬೀಗದ ಕೈ ಒಬ್ಬ ಅನಾಮಿಕನ ಜೇಬಿಗೆ ಹೋಗ್ತಿತ್ತು.

ಈ ಕತೆಯಲ್ಲಿ ನನ್ನನ್ನು ಕಾಡಿದ್ದು ಕೋಡ್ ಅಲ್ಲ. ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಮುಖ್ಯವಾಗಿ ಒಬ್ಬರೇ: ಲಾಸೆ ಕಾಲಿನ್. ತನಗೆ ಬಹುಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅನ್ನೋದನ್ನು ಮರೀಬೇಡಿ ಅಂತ 2022ರ ಜೂನ್‌ನಲ್ಲೇ ಅವರು ಬರೆದಿದ್ದರು. ಅದೇ ಹೊತ್ತಲ್ಲಿ ಗುರುತಿಲ್ಲದ ಹೆಸರುಗಳು 'ಯಾಕಿಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ' ಅಂತ ಒತ್ತಡ ಹೇರುತ್ತಿದ್ದವು. 'ಜಿಯಾ ಟಾನ್' ಅನ್ನೋ ಇನ್ನೊಂದು ಹೆಸರು ಎರಡು ವರ್ಷಕ್ಕೂ ಹೆಚ್ಚು ಕಾಲ ನಯವಾಗಿ ಸಹಾಯ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಇಟ್ಟಿತು.

ಕಾಲಿನ್ ಅವರಿಗೆ ಸಂಬಳ ಸಿಗುತ್ತಿದ್ದರೆ ಇದು ತಪ್ಪುತ್ತಿತ್ತು ಅಂತ ನಾನು ವಾದಿಸಲ್ಲ. ಆದರೆ ದಣಿದ ಒಬ್ಬ ಮನುಷ್ಯನ ಹೆಗಲ ಮೇಲೆ ಇಷ್ಟು ಭಾರ ಹಾಕಿ, ಒಂದು ರೂಪಾಯಿ ಕೊಡದೆ, 'ಬೇಗ ಮಾಡಿ' ಅಂತ ಜೋರು ಮಾಡೋದನ್ನು ನಾವು ಸಹಜ ಅಂದುಕೊಂಡಿದ್ದೇವಲ್ಲ, ಪ್ರಶ್ನೆ ಅಲ್ಲಿಂದ ಶುರುವಾಗುತ್ತೆ.

ಪುಕ್ಕಟೆ ಬೇರೆ, ಸ್ವತಂತ್ರ ಬೇರೆ

'ಫ್ರೀ ಸಾಫ್ಟ್‌ವೇರ್' ಅಂದ ಕೂಡಲೇ ದುಡ್ಡಿನ ಮಾತೇ ಪಾಪ ಅನ್ನೋ ಹಾಗೆ ಕೆಲವರು ಆಡ್ತಾರೆ. ಈ ಗೊಂದಲ ಇಂಗ್ಲಿಷಿನದು. ಕನ್ನಡದಲ್ಲಿ ನಮಗೆ ಆ ಕಷ್ಟ ಇಲ್ಲ. ಪುಕ್ಕಟೆ ಅನ್ನೋದು ಬೆಲೆಯ ಮಾತು, ಸ್ವತಂತ್ರ ಅನ್ನೋದು ಹಕ್ಕಿನ ಮಾತು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಓಡಿಸುವ, ಒಳಗೆ ಏನಿದೆ ಅಂತ ನೋಡಿ ಬದಲಿಸುವ, ಬೇರೆಯವರಿಗೆ ಹಂಚುವ, ಬದಲಿಸಿದ್ದನ್ನೂ ಹಂಚುವ ಹಕ್ಕು ಇದ್ದರೆ ಅದು ಸ್ವತಂತ್ರ. ನಮ್ಮಲ್ಲಿ ಎಷ್ಟೋ ಜನ ಕನ್ನಡ ಟೈಪಿಂಗ್ ಕಲಿತದ್ದೇ 'ಬರಹ'ದಲ್ಲಿ. ಅದು ಬಹಳ ಕಾಲ ಪುಕ್ಕಟೆ ಸಿಗ್ತಿತ್ತು, ಆದರೆ ಈ ಅರ್ಥದಲ್ಲಿ ಸ್ವತಂತ್ರ ಆಗಿರಲಿಲ್ಲ. ಈ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರ ಸುಮಾರಿಗೆ ತಮ್ಮ ಈಮ್ಯಾಕ್ಸ್ ಎಡಿಟರ್‌ನ ಟೇಪನ್ನು 150 ಡಾಲರ್‌ಗೆ ಮಾರುತ್ತಿದ್ದರು! ಅವರು ರೂಪಿಸಿದ ಜಿಪಿಎಲ್ ಪರವಾನಗಿಯಲ್ಲಿ ದುಡ್ಡು ತಗೋಬಾರದು ಅಂತ ಎಲ್ಲೂ ಇಲ್ಲ.

ಹಾಗಾದರೆ ತೊಡಕೇನು? ನಾನು ನಿಮಗೆ ಒಂದು ಪ್ರತಿ ಮಾರಿದೆ ಅಂದ್ಕೊಳ್ಳಿ. ಅದನ್ನು ಹಂಚುವ ಹಕ್ಕೂ ನಿಮಗೆ ಬಂತು. ಮೂರನೆಯವರು ನನ್ನ ಹತ್ರ ಯಾಕೆ ಬರ್ತಾರೆ? ಪ್ರತಿಯ ಬೆಲೆ ಬೇಗನೆ ಸೊನ್ನೆಗೆ ಇಳಿಯುತ್ತೆ. ಮಾರೋದಕ್ಕೆ ಉಳಿಯೋದು ಕೆಲಸ ಮಾಡುವವರ ಸಮಯ ಮಾತ್ರ: ಕೆಟ್ಟಾಗ ಸರಿಪಡಿಸೋದು, ಬೇಕಾದ ಸೌಲಭ್ಯ ಸೇರಿಸೋದು, ಸರ್ವರ್ ನಡೆಸಿಕೊಡೋದು. ರೆಡ್ ಹ್ಯಾಟ್ ಬೆಳೆದದ್ದು ಈ ದಾರಿಯಲ್ಲೇ. ಐಬಿಎಂ ಅದನ್ನು 2019ರಲ್ಲಿ 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಅಂದರೆ ಈ ಲೋಕದಲ್ಲಿ ದುಡ್ಡಿಲ್ಲ ಅಂತಲ್ಲ. ಲಿನಕ್ಸ್ ಕರ್ನಲ್‌ಗೆ ಬರುವ ಬದಲಾವಣೆಗಳಲ್ಲಿ ಹೆಚ್ಚಿನವನ್ನು ಬರೆಯೋದು ಇಂಟೆಲ್, ಗೂಗಲ್, ರೆಡ್ ಹ್ಯಾಟ್ ಥರದ ಕಂಪನಿಗಳ ಸಂಬಳದ ಇಂಜಿನಿಯರ್‌ಗಳು. ತೊಂದರೆ ಇರೋದು ಹಂಚಿಕೆಯಲ್ಲಿ. ಕಂಪನಿ ತನಗೆ ಬೇಕಾದ ಕಡೆ ಸುರಿಯುತ್ತೆ. ಎಲ್ಲರಿಗೂ ಬೇಕಾದ, ಆದರೆ ಯಾರೊಬ್ಬರದೂ ಅಲ್ಲದ ಸಣ್ಣ ಲೈಬ್ರರಿಗಳು ಬಾಯಾರಿಕೊಂಡೇ ಇರ್ತವೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಅಂತರ್ಜಾಲದ ಬಹುಪಾಲು ಗುಟ್ಟಿನ ವ್ಯವಹಾರ ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ಪೂರ್ಣಾವಧಿ ಕೆಲಸ ಮಾಡ್ತಿದ್ದವರು ಒಬ್ಬರೇ. ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಆಮೇಲೆ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ನಿಧಿ ಕೂಡಿಸಿದವು. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ದೋಷ ಬಂದಾಗ ನಿದ್ದೆಗೆಟ್ಟು ಸರಿಪಡಿಸಿದವರೂ ಸ್ವಯಂಸೇವಕರೇ.

ದುಡ್ಡು ಬಂದರೆ ಕೆಡುತ್ತೆ ಅನ್ನೋರ ಮಾತು

ವಿರೋಧಿ ವಾದವನ್ನು ತಳ್ಳಿಹಾಕೋದು ಸುಲಭ, ಆದರೆ ಡೆಬಿಯನ್‌ನಲ್ಲಿ ನಡೆದದ್ದನ್ನು ಒಮ್ಮೆ ನೋಡಿ. ಡೆಬಿಯನ್ ಅಂದರೆ ಸ್ವಯಂಸೇವಕರೇ ಕಟ್ಟಿದ ಲಿನಕ್ಸ್ ವ್ಯವಸ್ಥೆ. 2006ರಲ್ಲಿ ಅದರ ಮುಂದಿನ ಆವೃತ್ತಿ 'ಎಚ್' ಡಿಸೆಂಬರ್‌ಗೆ ಬರಬೇಕಿತ್ತು. ತಡ ಆಗಬಾರದು ಅಂತ ಕೆಲವರು 'ಡಂಕ್-ಟ್ಯಾಂಕ್' ಹೆಸರಲ್ಲಿ ಹೊರಗಿನಿಂದ ದುಡ್ಡು ಕೂಡಿಸಿ, ಬಿಡುಗಡೆಯ ಹೊಣೆ ಹೊತ್ತ ಇಬ್ಬರಿಗೆ ತಲಾ ಒಂದು ತಿಂಗಳು ಪೂರ್ಣಾವಧಿ ಕೆಲಸಕ್ಕೆ ಕೊಡುವ ಯೋಜನೆ ಹಾಕಿದರು. ಡೆಬಿಯನ್‌ನ ಆಗಿನ ನಾಯಕ ಆಂಥನಿ ಟೌನ್ಸ್ ಕೂಡ ಅದರಲ್ಲಿದ್ದರು.

ದೊಡ್ಡ ಗಲಾಟೆಯೇ ಆಯ್ತು. ನಮಗಿಲ್ಲದ್ದು ಅವರಿಗೆ ಯಾಕೆ, ಯಾರ ಕೆಲಸ ದುಡ್ಡಿಗೆ ಯೋಗ್ಯ ಅಂತ ತೀರ್ಮಾನ ಮಾಡೋರು ಯಾರು ಅಂತ ಕೇಳಿದರು. ಕೆಲವರು ತಮ್ಮ ಕೆಲಸ ಕಡಿಮೆ ಮಾಡಿದರು. ನಾಯಕರನ್ನು ಕೆಳಗಿಳಿಸುವ ನಿರ್ಣಯವೂ ಮತಕ್ಕೆ ಬಂದು ಸೋತಿತು. 'ಎಚ್' ಬಂದದ್ದು 2007ರ ಏಪ್ರಿಲ್‌ನಲ್ಲಿ. ತಡ ಆದದ್ದು ದುಡ್ಡಿನಿಂದಲೇ ಅಂತ ಹೇಳೋದು ಅನ್ಯಾಯ, ತಂತ್ರಾಂಶ ಯಾವಾಗ ಹೇಳಿದ ದಿನಕ್ಕೆ ಬಂದಿದೆ ಹೇಳಿ! ಆದರೆ ಆ ಸಿಟ್ಟು ನನಗೆ ಅರ್ಥ ಆಗುತ್ತೆ. ಊರ ಜಾತ್ರೆಯ ದಾಸೋಹದಲ್ಲಿ ಎಲ್ಲರೂ ಸೇರಿ ಬಡಿಸುವಾಗ ಇಬ್ಬರ ಕೈಗೆ ಮಾತ್ರ ಕೂಲಿ ಇಟ್ಟರೆ, ಉಳಿದವರಿಗೆ ಸೌಟು ಭಾರ ಅನ್ನಿಸೋದು ಸಹಜ.

ಇದರ ಮುಂದಿನ ಭಾಗವನ್ನು ಯಾರೂ ಹೇಳಲ್ಲ. 2014ರಿಂದ ಅದೇ ಡೆಬಿಯನ್‌ನ ಹಳೇ ಆವೃತ್ತಿಗಳ ಭದ್ರತಾ ದುರಸ್ತಿಗೆ ಫ್ರೆಕ್ಸಿಯನ್ ಎಂಬ ಕಂಪನಿ ಪ್ರಾಯೋಜಕರಿಂದ ದುಡ್ಡು ಕೂಡಿಸಿ ಡೆವಲಪರ್‌ಗಳಿಗೆ ಗಂಟೆ ಲೆಕ್ಕದಲ್ಲಿ ಕೊಡುತ್ತಾ ಬಂದಿದೆ. ಅದಕ್ಕೆ ಆ ಮಟ್ಟದ ಗಲಾಟೆ ಆಗಲಿಲ್ಲ. ನನ್ನ ಪ್ರಕಾರ ಕಾರಣ ಸರಳ: ಹಳೇ ಆವೃತ್ತಿಗೆ ತೇಪೆ ಹಾಕೋದು ಯಾರಿಗೂ ಖುಷಿ ಕೊಡುವ ಕೆಲಸ ಅಲ್ಲ. ಹೊಸದನ್ನು ಕಟ್ಟೋಕೆ ಜನ ತಾವಾಗೇ ಬರ್ತಾರೆ. ಚರಂಡಿ ಕಟ್ಟಿಕೊಂಡರೆ ಬರಲ್ಲ. ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೆ.

ಪರವಾನಗಿ ಬಿಗಿ ಮಾಡಿ ದುಡ್ಡು ಹುಟ್ಟಿಸುವ ದಾರಿಯೂ ಇದೆ. ಕ್ಲೌಡ್ ಕಂಪನಿಗಳು ತಮ್ಮ ಕೋಡ್ ಮೇಲೆ ದುಡೀತಿವೆ ಅಂತ ರೆಡಿಸ್ 2024ರ ಮಾರ್ಚ್‌ನಲ್ಲಿ ಪರವಾನಗಿ ಬದಲಿಸಿತು. ಸಮುದಾಯ ತಕ್ಷಣ 'ವಾಲ್ಕಿ' ಅಂತ ಕವಲೊಡೆಯಿತು. ಮರುವರ್ಷ ರೆಡಿಸ್ ಮತ್ತೆ ಮುಕ್ತ ಪರವಾನಗಿಗೆ ಬಂತು. ಈ ದಾರಿ ಕಂಪನಿಗಳ ಜಗಳಕ್ಕೆ ಸರಿ, ಒಬ್ಬಂಟಿ ನಿರ್ವಾಹಕರಿಗೆ ಇದರಿಂದ ಏನೂ ಸಿಗಲ್ಲ.

ಬಿಟ್ಟಿ ದುಡಿಯೋ ಶಕ್ತಿ ಯಾರಿಗಿದೆ?

ನಾನು ಇಂಜಿನಿಯರಿಂಗ್ ಓದಿ ಈ ಕಡೆ ಬಂದವನು. ಬೆಂಗಳೂರಿನ ಸಂದರ್ಶನಗಳಲ್ಲಿ 'ನಿಮ್ಮ ಗಿಟ್‌ಹಬ್ ತೋರಿಸಿ' ಅನ್ನೋ ಪ್ರಶ್ನೆ ನನಗೂ ಬಂದಿತ್ತು. ಶಿಕ್ಷಣ ಸಾಲದ ಕಂತು ಕಟ್ಟಬೇಕಾದ, ಊರಿಗೆ ದುಡ್ಡು ಕಳಿಸಬೇಕಾದ ಹುಡುಗಿ ರಾತ್ರಿ ಹನ್ನೊಂದರ ಮೇಲೆ ಬಿಟ್ಟಿ ಕೋಡ್ ಬರೀತಾಳಾ? ಸ್ವಯಂಸೇವೆಯನ್ನೇ ಅರ್ಹತೆ ಮಾಡಿದರೆ, ಬಿಡುವು ಇರುವ ಮನೆಯ ಮಕ್ಕಳೇ 'ಪ್ರತಿಭಾವಂತರು' ಆಗ್ತಾರೆ. ಮೀಸಲಾತಿ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು ಈ ಬಿಡುವಿನ ಮೀಸಲಾತಿಯನ್ನು ಗಮನಿಸೋದೇ ಇಲ್ಲ. 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್, ಅವಕಾಶವಂಚಿತರಿಗೇ ಅಂತ ಇರುವ ಔಟ್‌ರೀಚಿ ಎರಡೂ ಸ್ಟೈಪೆಂಡ್ ಕೊಡ್ತವೆ. ನನಗೆ ಮುಖ್ಯ ಅನ್ನಿಸೋದು ಆ ಸ್ಟೈಪೆಂಡೇ.

ಹಾಗಾದರೆ ಯಾರು ಕೊಡಬೇಕು? ಬಳಸಿ ಲಾಭ ಮಾಡೋರು, ಮತ್ತು ಸರ್ಕಾರ. ಬೆಂಗಳೂರಿನ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ಫ್ಲಾಸ್ ಫಂಡ್ ಘೋಷಿಸಿತು. ಜಗತ್ತಿನ ಯಾವ ಮೂಲೆಯ ಸ್ವತಂತ್ರ ತಂತ್ರಾಂಶಕ್ಕಾದರೂ ಅದು ದುಡ್ಡು ಕೊಡಬಹುದು. ಒಳ್ಳೆಯದು. ಆದರೆ ಇದೇ ಊರಿನಲ್ಲಿ ಇದೇ ಕೋಡ್ ಮೇಲೆ ನಿಂತ ಎಷ್ಟು ಕಂಪನಿಗಳಿವೆ, ಲೆಕ್ಕ ಹಾಕಿ. ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಶುರುಮಾಡಿ, ತೆರಿಗೆ ದುಡ್ಡಿನಿಂದಲೇ ಇಂಥ ತಂತ್ರಾಂಶಗಳ ನಿರ್ವಹಣೆಗೆ ಕೊಡ್ತಿದೆ. ನಮ್ಮ ಕೇಂದ್ರ ಸರ್ಕಾರದ 2015ರ ನೀತಿ ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶ ಬಳಸಿ ಅನ್ನುತ್ತೆ. ಬಳಸಿದ್ದನ್ನು ಬರೆದವರು ಏನು ಉಣ್ಣಬೇಕು ಅನ್ನೋದು ಆ ನೀತಿಯ ಚಿಂತೆ ಅಲ್ಲ.

ಬದಲಾಯಿಸೋದು ಕಷ್ಟ ಏನಲ್ಲ. ಪ್ರತಿ ಇ-ಆಡಳಿತ ಟೆಂಡರ್‌ನಲ್ಲಿ, ಯಾವ ಮುಕ್ತ ತಂತ್ರಾಂಶಗಳನ್ನು ಬಳಸಿದ್ದೀರಿ ಅನ್ನೋ ಪಟ್ಟಿ ಮತ್ತು ಅವುಗಳ ನಿರ್ವಹಣೆಗೆ ಯೋಜನಾ ವೆಚ್ಚದ ಒಂದು ಸಣ್ಣ ಪಾಲು ಕಡ್ಡಾಯ ಅಂತ ಒಂದು ಷರತ್ತು ಸಾಕು. ಕನ್ನಡದ ಮಟ್ಟಿಗೂ ಇದು ಅನ್ವಯಿಸುತ್ತೆ. ಗ್ರಂಥಾಲಯ ಇಲಾಖೆಗೆ ಪುಸ್ತಕಗಳ ಸಗಟು ಖರೀದಿ ಗೊತ್ತು. ಗುಬ್ಬಿ, ನವಿಲು ಥರದ ಮುಕ್ತ ಕನ್ನಡ ಫಾಂಟ್‌ಗಳಲ್ಲಿ ಒಂದು ಒತ್ತಕ್ಷರ ತಪ್ಪಾಗಿ ಕೂತರೆ ಅದನ್ನು ಸರಿಪಡಿಸುವವರ ಗಂಟೆಗೆ ಬಿಲ್ ಮಾಡೋಕೆ ಯಾವ ಇಲಾಖೆಯಲ್ಲಿ ಯಾವ ಲೆಕ್ಕಶೀರ್ಷಿಕೆ ಇದೆ? ಮುಂದಿನ ಬಜೆಟ್‌ಗೆ ಮೊದಲು ನಿಮ್ಮ ಶಾಸಕರಿಗೆ ಈ ಪ್ರಶ್ನೆ ಕಳಿಸಿ. ಉತ್ತರ ಬಂದರೆ ನನಗೂ ತಿಳಿಸಿ.