ಅಡುಗೆಕೋಣೆಗೆ ಕೊನೆಗೆ ಬಂದ ಬೆಳಕು

ಕುಂಬ್ರದ ನಮ್ಮ ಹಳೆಯ ಮನೆಯ ಅಡುಗೆಕೋಣೆಗೆ ಹೊಸ ವಯರಿಂಗ್ ಮಾಡಿಸಲು ಹೊರಟಾಗ ಅದು ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಕಟ್ಟಿಗೆ ಒಲೆಯ ಹೊಗೆಗೆ ಕಪ್ಪಾದ ಪಕ್ಕಾಸು. ಮರದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎಳೆದ ವಯರು ಮಸಿ ಹಿಡಿದು, ಯಾವ ಬಣ್ಣದ್ದೆಂದೇ ತಿಳಿಯುತ್ತಿರಲಿಲ್ಲ. ಕೆಲಸಕ್ಕೆ ಬಂದ ಹುಡುಗ ಟೆಸ್ಟರ್ ಹಿಡಿದು ಒಂದು ಸುತ್ತು ನೋಡಿ, “ಇದರಲ್ಲಿ ಅರ್ತೇ ಇಲ್ಲವಲ್ಲ ಮಾರಾಯ್ರೆ!” ಅಂದ. ನಾನು ಹುಟ್ಟಿ ಬೆಳೆದ ಮನೆಯ ಚರಿತ್ರೆಯನ್ನು ನಾನು ಓದಲು ಶುರುಮಾಡಿದ್ದು ಅಲ್ಲಿಂದ.

ಕರ್ನಾಟಕದ ವಿದ್ಯುತ್ ಚರಿತ್ರೆ ಎಂದರೆ ಶಿವನಸಮುದ್ರ ನೆನಪಾಗುತ್ತದೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಮೊದಲು ಗಣಿ, ಆಮೇಲೆ ಊರು. ಆದರೆ ಅದು ಮೈಸೂರು ಸಂಸ್ಥಾನದ ಮಾತು. ಪುತ್ತೂರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ವಿದ್ಯುತ್ ರಾಜ್ಯದ ಉದ್ದಗಲಕ್ಕೂ ಹೋಗತೊಡಗಿತು.

ನಮ್ಮಂಥ ತೋಟದ ಮನೆಗಳಿಗೆ ಕರೆಂಟು ಬಂದದ್ದು ದೀಪದ ನೆವದಲ್ಲಿ ಅಲ್ಲ, ಪಂಪಿನ ನೆವದಲ್ಲಿ. ಬೇಸಿಗೆಯಲ್ಲಿ ಅಡಿಕೆ ಮರಗಳಿಗೆ ನೀರಾಗಬೇಕು. ಏತ ತುಳಿಯುವ ಕಾಲ ಮುಗಿದಿತ್ತು, ಆಯಿಲ್ ಎಂಜಿನಿನ ಖರ್ಚು ಏರುತ್ತಿತ್ತು. 1970ರ ದಶಕದ ಕೊನೆಗೆ ನಮ್ಮ ಕೆರೆಯ ಬದಿಗೆ ಕಂಬ ಬಂತು. ಅಲ್ಲಿಂದ ಮನೆಗೆ ಲೈನು ಬರಲು ಮತ್ತೂ ಎರಡು ಮಳೆಗಾಲ ಕಳೆಯಿತು. ಗಣಿಯ ನಂತರ ಬೆಂಗಳೂರು ಇದ್ದ ಹಾಗೆ ಪಂಪಿನ ನಂತರ ಮನೆ.

ಮನೆಯೊಳಗೂ ಒಂದು ಸರದಿ ಇತ್ತು. ಜಗಲಿಗೊಂದು, ಚಾವಡಿಗೊಂದು, ದೇವರಕೋಣೆಗೊಂದು ಬಲ್ಬು. ಮರುವರ್ಷದ ಅಡಿಕೆ ಮಾರಿದ ಮೇಲೆ ಅಡುಗೆಕೋಣೆಗೆ ಒಂದು ನಲವತ್ತು ಕ್ಯಾಂಡಲ್ಲಿನದು. ಅದನ್ನು ತೂಗುಹಾಕಿದ್ದು ಕೋಣೆಯ ನಡುವೆ. ಒಲೆ ಇದ್ದದ್ದು ಗೋಡೆಯ ಬದಿಗೆ. ಹಾಗಾಗಿ ಒಲೆಯ ಮುಂದೆ ಕೂತವರ ನೆರಳು ಅವರದೇ ಪಾತ್ರೆಯ ಮೇಲೆ ಬೀಳುತ್ತಿತ್ತು. ಅಜ್ಜಿ ಬಲ್ಬು ಬಂದ ಮೇಲೂ ಬಹಳ ಕಾಲ ಚಿಮಣಿ ದೀಪ ಬಿಡಲಿಲ್ಲ. ಹಳೆಯ ರೂಢಿ ಎಂದು ನಾವು ನಗುತ್ತಿದ್ದೆವು. ಸ್ವಿಚ್ಚು ಇದ್ದದ್ದು ಚಾವಡಿಯ ಗೋಡೆಯಲ್ಲಿ, ಗಂಡಸರ ಕೈಗೆ ಎಟುಕುವ ಎತ್ತರದಲ್ಲಿ. ಊಟವಾಗಿ ಮಲಗುವ ಮುನ್ನ ಯಾರಾದರೂ ಅಲ್ಲಿಂದಲೇ ಆರಿಸಿಬಿಟ್ಟರೆ, ಒಳಗೆ ಪಾತ್ರೆ ತೊಳೆಯುತ್ತಿದ್ದವರು ಕತ್ತಲಲ್ಲಿ.

ಪಟ್ಟಿ ಬಿಚ್ಚಿದಾಗ ಸಿಕ್ಕಿದ್ದು ಅಲ್ಯೂಮಿನಿಯಂ ವಯರು. ತಾಮ್ರವನ್ನು ಬಹುಪಾಲು ಆಮದು ಮಾಡಿಕೊಳ್ಳುತ್ತಿದ್ದ ದೇಶ ಆಗ ಮನೆಯ ವಯರಿಂಗಿಗೂ ಅಲ್ಯೂಮಿನಿಯಂ ಬಳಸುತ್ತಿತ್ತು. ಅದು ಬಿಸಿಗೆ ಹಿಗ್ಗಿ ತಣಿದು ಕುಗ್ಗಿ, ಸ್ಕ್ರೂವಿನಡಿಯಲ್ಲಿ ನಿಧಾನವಾಗಿ ಸಡಿಲವಾಗುತ್ತದೆ; ಮೇಲ್ಮೈಯಲ್ಲಿ ಕಟ್ಟುವ ಪೊರೆ ವಿದ್ಯುತ್ತನ್ನು ತಡೆಯುತ್ತದೆ. ಸಡಿಲ ಜಾಗ ಮತ್ತೆ ಬಿಸಿಯಾಗುತ್ತದೆ. ನಮ್ಮ ಕಪ್ಪು ಬೇಕಲೈಟ್ ಸ್ವಿಚ್ಚಿನ ಹಿಂದಿನ ಮರದ ತುಂಡು ಒಂದು ಬದಿ ಸುಟ್ಟು ಇದ್ದಿಲಾಗಿತ್ತು. ಇನ್ನೂ ಒಂದು ಕಂಡಿತು: ಸ್ವಿಚ್ಚು ಕೂತಿದ್ದು ಫೇಸಿನಲ್ಲಿ ಅಲ್ಲ, ನ್ಯೂಟ್ರಲಿನಲ್ಲಿ. ಆಗ ಜಾರಿಯಲ್ಲಿದ್ದ 1956ರ ಭಾರತೀಯ ವಿದ್ಯುತ್ ನಿಯಮಗಳು ಇದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಹೀಗಿದ್ದರೆ ಸ್ವಿಚ್ ಆರಿಸಿದಾಗ ಬಲ್ಬು ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಇಷ್ಟು ವರ್ಷ ಎಷ್ಟು ಬಲ್ಬು ಬದಲಾಯಿಸಿದ್ದೇವೋ!

ಗ್ರೈಂಡರಿನ ಬಳಿ ಕೆಲಸಕ್ಕೆ ಕೈಹಾಕಿದಾಗ ನೆಲದ ಮೇಲಿದ್ದ ಮಣೆಯನ್ನು ಸರಿಸಲು ಹೋದೆ. ಕೊಯಮತ್ತೂರಿನಲ್ಲಿ 1950ರ ದಶಕದಲ್ಲಿ ಹುಟ್ಟಿದ ಆ ಯಂತ್ರ ನಮ್ಮ ಮನೆಗೆ ಬಂದದ್ದು ಮೂವತ್ತು ವರ್ಷ ತಡವಾಗಿ. ಕಡೆಯುವ ಕಲ್ಲಿನಿಂದ ಅಮ್ಮನಿಗೆ ಬಿಡುಗಡೆ ಸಿಕ್ಕಿತೆಂದು ನಾವೆಲ್ಲ ಖುಷಿಪಟ್ಟಿದ್ದೆವು. ಕಾವಿ ಹಾಕಿದ ನೆಲ ತಣ್ಣಗಿರುತ್ತದೆ, ಅದಕ್ಕೇ ಅಮ್ಮ ಮಣೆಯ ಮೇಲೆ ನಿಂತು ಹಿಟ್ಟು ತೆಗೆಯುತ್ತಾಳೆ ಎಂದೇ ನಾನು ತಿಳಿದಿದ್ದೆ.

“ಅದು ತೆಗೀಬೇಡ, ಅದಿಲ್ಲದಿದ್ದರೆ ಕೈ ಜುಂ ಅಂತದೆ” ಎಂದಳು ಅಮ್ಮ.

“ಯಾವಾಗಿಂದ?”

“ತಂದಾಗಿಂದ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ.”

ಮೂರು ಪಿನ್ನಿನ ಪ್ಲಗ್ಗು ನಿಜ, ಮೂರನೆಯ ಪಿನ್ನಿಗೆ ಹೋಗಲು ದಾರಿಯೇ ಇರಲಿಲ್ಲ. ಮೋಟರಿನಿಂದ ಸೋರಿದ ವಿದ್ಯುತ್ತು ಯಂತ್ರದ ಮೈಗೆ ಬಂದು, ಒದ್ದೆ ಕೈ ಒದ್ದೆ ನೆಲದ ನಡುವೆ ಅಮ್ಮನನ್ನೇ ದಾರಿ ಮಾಡಿಕೊಂಡಿತ್ತು. ಅವಳು ಯಾರಲ್ಲೂ ಹೇಳದೆ ಒಣ ಹಲಸಿನ ಮರದ ಮಣೆಯನ್ನು ನಡುವೆ ಇಟ್ಟು ಆ ದಾರಿ ಕಟ್ಟಿದ್ದಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಹೇಳಿದರೆ ಗ್ರೈಂಡರ್ ಬೇಡ ಅಂತಿದ್ದರು” ಎಂದಳು.

ಕೆಲಸ ಎಂಟು ದಿನ ಹಿಡಿಯಿತು. ಹೊಸ ತಾಮ್ರದ ವಯರು, ಗ್ರೈಂಡರಿಗೂ ಮಿಕ್ಸಿಗೂ ಬೇರೆ ಬೇರೆ ಲೈನು. ಹಿತ್ತಿಲಲ್ಲಿ ಗುಂಡಿ ತೋಡಿ ಎರಡೂವರೆ ಮೀಟರಿನ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದೆವು. ಮುರಮಣ್ಣು ಬೇಸಿಗೆಗೆ ಒಣಗುವುದರಿಂದ ಆಗಾಗ ನೀರು ಹೊಯ್ಯಬೇಕು. ಮೂವತ್ತು ಮಿಲಿಆಂಪಿಯರ್ ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿ ಕೂಡಿಸಿದೆವು. ದೀಪ ಎಲ್ಲಿ ಬೇಕೆಂದು ಅಮ್ಮನನ್ನೇ ಕೇಳಿದೆವು. ಅವಳು ತೋರಿಸಿದ ಜಾಗ ಒಲೆಯ ಮೇಲೆ ಒಂದು, ತೊಳೆಯುವಲ್ಲಿ ಒಂದು. ಸ್ವಿಚ್ಚು ಒಳಗೆ, ಬಾಗಿಲ ಬದಿಗೆ, ಅವಳ ಭುಜದ ಎತ್ತರಕ್ಕೆ.

ಚಿಮಣಿ ದೀಪವನ್ನು ಅಜ್ಜಿ ಯಾಕೆ ಬಿಡಲಿಲ್ಲ ಎಂಬುದು ನನಗೆ ಅರ್ಥವಾದದ್ದು ಒಲೆಯ ಮೇಲಿನ ದೀಪ ಹೊತ್ತಿದ ಸಂಜೆ. ಪಾತ್ರೆಯ ತಳದವರೆಗೆ ಕಾಣುತ್ತಿತ್ತು. ಅಣೆಕಟ್ಟು, ಮಂಡಳಿಗಳ ಇಸವಿಗಳು ಪುಸ್ತಕದಲ್ಲಿ ಸಿಗುತ್ತವೆ. ಒಂದು ಬಲ್ಬು ಯಾರ ತಲೆಯ ಹಿಂದಿತ್ತು ಎಂಬುದು ಎಲ್ಲಿಯೂ ದಾಖಲಾಗಿಲ್ಲ. ಹಳೆಯ ಮನೆಯ ವಯರು ಕೀಳುವ ಮುಂಚೆ ಅದು ಎಲ್ಲಿಂದ ಎಲ್ಲಿಗೆ ಹೋಗಿತ್ತೆಂದು ಒಂದು ಚಿತ್ರ ಬರೆದಿಟ್ಟುಕೊಳ್ಳಿ. ಅಲ್ಲಿ ಅಡುಗೆ ಮಾಡಿದವರು ಇನ್ನೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.

ಅಮ್ಮ ಈಗಲೂ ಕೆಲವೊಮ್ಮೆ ಮಣೆಯ ಮೇಲೆಯೇ ನಿಲ್ಲುತ್ತಾಳೆ. ನಾನು ಏನೂ ಹೇಳುವುದಿಲ್ಲ.